ಹತ್ತನೇ ಕ್ಲಾಸು ಅಂತ ಆಟ ಬಿಡಿಸುವ ಮುಂಚೆ

ಜೂನ್‌ನಲ್ಲಿ ಶಾಲೆ ಶುರುವಾಗುತ್ತಿದ್ದಂತೆ ನಮ್ಮ ದಾವಣಗೆರೆಯ ಮೈದಾನಗಳಿಂದ ಹತ್ತನೇ ಕ್ಲಾಸಿನ ಮಕ್ಕಳು ಒಬ್ಬೊಬ್ಬರಾಗಿ ಮಾಯವಾಗುತ್ತಾರೆ. ‘ಎಸ್ಸೆಸ್ಸೆಲ್ಸಿ ಐತಿ, ಆಟ ಗೀಟ ಎಲ್ಲ ಮುಗಿದ ಮ್ಯಾಲೆ’ ಅಂತ ಮನೆಯಲ್ಲಿ ತೀರ್ಮಾನ. ಉಳಿದ ಎರಡು ಗಂಟೆ ಪುಸ್ತಕಕ್ಕೆ ಹೋಗುತ್ತದೆ ಎಂಬ ಲೆಕ್ಕ. ಹೋಗುವುದು ಮೊಬೈಲಿಗೆ.

ಆಡುವ ಮಗು ಓದಿಗೂ ಕೂರುವುದು ಬಹುಪಾಲು ಆಟದ ಆಸೆಯಿಂದಲೇ. ಕ್ರೀಡಾ ಕೋಟಾ, ಪೊಲೀಸ್ ನೌಕರಿ ಅನ್ನೋದೆಲ್ಲ ಅಪ್ಪ-ಅಮ್ಮನಿಗೆ ಹಿಡಿಸುವ ಮಾತು. ಹದಿನಾಲ್ಕರ ಹುಡುಗಿ ನಸುಕಿನಲ್ಲಿ ಏಳುವುದು ಮುಂದಿನ ತಿಂಗಳು ತಾಲ್ಲೂಕು ಪಂದ್ಯದಲ್ಲಿ ಖೋ ಖೋ ಅಂಕಣಕ್ಕಿಳಿಯುವ ಒಂಬತ್ತು ಜನರಲ್ಲಿ ತಾನಿರಬೇಕು ಅಂತ. ಅಂಕ ಕಮ್ಮಿ ಬಂತು ಅಂತ ಆಟ ಕಿತ್ತುಕೊಂಡರೆ ಅವಳನ್ನು ಎಬ್ಬಿಸುತ್ತಿದ್ದದ್ದನ್ನೇ ಕಿತ್ತುಕೊಂಡಂತೆ. ಅದರ ಬದಲು ಪಿ.ಟಿ. ಮೇಷ್ಟ್ರು ವಾರಕ್ಕೊಮ್ಮೆ ‘ಯಾವ ಪಾಠ ಬಾಕಿ ಐತಿ?’ ಅಂತ ಕೇಳಲಿ. ಎಷ್ಟು ಅಂಕ ಅಂತ ಕೇಳುವುದು ಬೇಡ.

ನಿಜವಾದ ತೊಡಕು ಕ್ಯಾಲೆಂಡರಿನಲ್ಲಿದೆ. ಹೋಬಳಿ, ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ ಅಂತ ಪಂದ್ಯಗಳು ಶಾಲಾ ವರ್ಷದ ಮೊದಲರ್ಧದಲ್ಲೇ ಒತ್ತೊತ್ತಾಗಿ ಬರುತ್ತವೆ. ಕಿರುಪರೀಕ್ಷೆ, ಅರ್ಧವಾರ್ಷಿಕ ಪರೀಕ್ಷೆಯೂ ಆಗಲೇ. ಸೋತವರು ಮರುದಿನ ಕ್ಲಾಸಿಗೆ ಬರುತ್ತಾರೆ, ಗೆದ್ದವರಿಗೆ ಪಾಠ ತಪ್ಪುತ್ತಲೇ ಹೋಗುತ್ತದೆ. ಚೆನ್ನಾಗಿ ಆಡಿದಷ್ಟೂ ಓದಿಗೆ ಪೆಟ್ಟು ಅನ್ನುವ ಈ ವಿಚಿತ್ರ ಏರ್ಪಾಟಿಗೆ ಮಗುವನ್ನು ಬೈದು ಏನು ಬಂತು?

ಪಂದ್ಯ ಮುಗಿಸಿ ಬಂದಾಗ ವಾಟ್ಸಾಪ್‌ನಲ್ಲಿ ಗೆಳತಿಯ ನೋಟ್ಸಿನ ಮೂವತ್ತು ಫೋಟೋ ಬಿದ್ದಿರುತ್ತವೆ. ಯಾರೂ ತೆರೆದು ಓದುವುದಿಲ್ಲ. ತಪ್ಪಿದ ಪಾಠವನ್ನು ಮೊದಲಿಂದ ಹಿಡಿಯಲೂ ಹೋಗಬಾರದು. ಇವತ್ತು ತರಗತಿಯಲ್ಲಿ ನಡೆಯುತ್ತಿರುವ ಪಾಠ ಮೊದಲು, ಇಲ್ಲದಿದ್ದರೆ ನಾಳೆಯದೂ ತಲೆಗೆ ಹತ್ತುವುದಿಲ್ಲ. ಹಿಂದಿನದು ಭಾನುವಾರಕ್ಕೆ. ಗಣಿತದಲ್ಲಾದರೆ ಪುಸ್ತಕದಲ್ಲೇ ಬಿಡಿಸಿ ತೋರಿಸಿದ ಎರಡು ಉದಾಹರಣೆಗಳನ್ನು ಕೈಯಲ್ಲಿ ಬರೆದು, ಮುಚ್ಚಿಟ್ಟು, ಮತ್ತೆ ತಾನೇ ಬಿಡಿಸಬೇಕು. ಸಮಾಜ ವಿಜ್ಞಾನ ಒಬ್ಬರೇ ಓದಿಕೊಳ್ಳಬಹುದು, ಅದಕ್ಕೆ ಅವಸರವಿಲ್ಲ. ಗಣಿತ, ವಿಜ್ಞಾನದಲ್ಲಿ 80 ಅಂಕ ಲಿಖಿತ ಪರೀಕ್ಷೆಗೆ, 20 ಆಂತರಿಕ ಮೌಲ್ಯಮಾಪನಕ್ಕೆ. ಪ್ರಾಜೆಕ್ಟ್ ಕೊಡುವ ದಿನ ಮಗು ಊರಲ್ಲಿರದೆ ಈ ಸುಲಭದ ಅಂಕ ಹೋಗುವುದು ಮಾಮೂಲು. ತಂಡ ಹೊರಡುವ ಮುಂಚೆಯೇ ಪಿ.ಟಿ. ಮೇಷ್ಟ್ರು ಕ್ಲಾಸ್ ಟೀಚರಿಗೆ ದಿನಾಂಕ ಬರೆದುಕೊಟ್ಟರೆ ಆಯಿತು.

‘ಆಡಿ ಸುಸ್ತಾಗಿ ಓದಲ್ಲ’ ಅನ್ನುವ ದೂರು ಎಷ್ಟೋ ಸಲ ಬರೀ ಹಸಿವಿನದು. ಆರಕ್ಕೆ ಅಭ್ಯಾಸ ಮುಗಿಸಿ ಹಸಿದ ಹೊಟ್ಟೆಯಲ್ಲಿ ಒಂದು ಪ್ಲೇಟ್ ಮಂಡಕ್ಕಿ, ನಾಲ್ಕು ಮೆಣಸಿನಕಾಯಿ ಬಜ್ಜಿ ತಿಂದವನು ಏಳೂವರೆಗೆ ಪುಸ್ತಕದ ಮೇಲೆ ತೂಕಡಿಸದೆ ಇನ್ನೇನು? (ಬಜ್ಜಿ ಬೇಡ ಅಂದರೆ ಈ ಊರಲ್ಲಿ ಯಾರೂ ಕೇಳುವುದಿಲ್ಲ, ಭಾನುವಾರ ತಿನ್ನಲಿ.) ಅಭ್ಯಾಸ ಮುಗಿದ ಅರ್ಧ ಗಂಟೆಯೊಳಗೆ ಎರಡು ಬಾಳೆಹಣ್ಣು, ಒಂದು ಹಿಡಿ ಶೇಂಗಾ, ಚೂರು ಬೆಲ್ಲ, ಹೊಟ್ಟೆ ತುಂಬ ನೀರು. ಏಳಕ್ಕೆ ಓದಿಗೆ ಕೂತು, 45 ನಿಮಿಷದ ಎರಡು ಸುತ್ತು, ಕಷ್ಟದ ವಿಷಯ ಮೊದಲು. ಒಂಬತ್ತೂವರೆಗೆ ದೀಪ ಆರಬೇಕು, ಈ ವಯಸ್ಸಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ಜಗಳೂರು ಕಡೆಯ ಹಳ್ಳಿಗಳಿಂದ ಬಸ್ಸಿಗೆ ಬರುವವರಿಗೆ ಎರಡೂ ಹೊತ್ತಿನ ಅಭ್ಯಾಸ ಆಗದ ಮಾತು. ವಾರಕ್ಕೆ ಮೂರು ಸಂಜೆ ಮೈದಾನ, ಮಿಕ್ಕ ದಿನ ಮನೆ ಅಂಗಳದಲ್ಲೇ ದಂಡ-ಬೈಠಕ್.

ಕುಸ್ತಿ ಹುಡುಗರ ಕಥೆ ಬೇರೆ. ಕಡಿಮೆ ತೂಕದ ವರ್ಗದಲ್ಲಿ ಆಡಲು ನೀರು ಕುಡಿಯುವುದನ್ನೇ ಬಿಡುತ್ತಾರೆ. 50 ಕೆಜಿ ಹುಡುಗನ ಮೈಯಿಂದ ಒಂದು ಲೀಟರ್ ನೀರು ಕಮ್ಮಿಯಾದರೂ ಗಮನ ಜಾರತೊಡಗುತ್ತದೆ. ಆ ವಾರವೇ ಪರೀಕ್ಷೆ ಇದ್ದರೆ ಉಸ್ತಾದರು ಮೇಲಿನ ವರ್ಗದಲ್ಲೇ ಆಡಿಸಲಿ.

ಜನವರಿ ನಂತರ ಟೂರ್ನಮೆಂಟ್ ಬೇಡ, ಹೊಸ ಪಟ್ಟೂ ಬೇಡ. ವಾರಕ್ಕೆ ಮೂರು ದಿನ, ಅರ್ಧರ್ಧ ಗಂಟೆ ಓಟ, ಸ್ಟ್ರೆಚಿಂಗ್ ಸಾಕು. ಕಬಡ್ಡಿ ಮಾತ್ರ ಪರೀಕ್ಷೆ ಮುಗಿಯುವ ತನಕ ಪೂರ್ತಿ ಬಂದ್. ಬೆರಳು ಉಳುಕಿದರೆ ಪೇಪರ್ ಬರೆಯುವವರು ಯಾರು?