"ಬೋರ್ಡ್ ಹೋಗಿದೆ" ಅನ್ನುವ ಮೊದಲು ಒಂದು ಸಲ ಬಿಚ್ಚಿ ನೋಡಿ

ಹಳೇ ಡೆಸ್ಕ್‌ಟಾಪ್ ಆನ್ ಆಗ್ತಿಲ್ಲ ಅಂತ ಅಂಗಡಿಗೆ ಹೊತ್ತುಕೊಂಡು ಹೋದರೆ ಬಹಳ ಕಡೆ ಸಿಗುವ ಉತ್ತರ ಒಂದೇ. "ಮದರ್‌ಬೋರ್ಡ್ ಹೋಗಿದೆ ಸಾರ್, ಈ ಮಾಡೆಲ್ ಈಗ ಬರಲ್ಲ, ಹೊಸದು ತಗೊಂಡುಬಿಡಿ." ಕೆಲವು ಸಲ ಅದು ನಿಜವೇ ಇರುತ್ತದೆ. ಆದರೆ ಏನೇನು ಪರೀಕ್ಷೆ ಮಾಡಿ ಹಾಗೆ ಹೇಳ್ತಿದ್ದೀರಿ ಅಂತ ತಿರುಗಿ ಕೇಳಿ ನೋಡಿ. ಸರಿಯಾದ ಉತ್ತರ ಬರುವುದು ಅಪರೂಪ. ನನ್ನ ತಕರಾರು ಇರುವುದು ಅಲ್ಲೇ.

ಮೊದಲು ನೋಡಬೇಕಾದ್ದು ಅದು ಎಲ್ಲಿಯವರೆಗೆ ಬಂದು ನಿಲ್ತಿದೆ ಅಂತ. ಗೋಡೆಯ ಸ್ವಿಚ್ ಹಾಕಿದ ತಕ್ಷಣ ಎಸ್‌ಎಂಪಿಎಸ್ (ಕ್ಯಾಬಿನೆಟ್ ಒಳಗೆ ಕರೆಂಟ್ ಹಂಚುವ ಡಬ್ಬಿ) ಬೋರ್ಡಿಗೆ 5 ವೋಲ್ಟ್ ಸ್ಟ್ಯಾಂಡ್‌ಬೈ ಕರೆಂಟ್ ಕೊಡುತ್ತಿರುತ್ತದೆ. ನಾವು ಬಟನ್ ಒತ್ತಿದಾಗ ಅದು ಪೂರ್ತಿ ಎಚ್ಚರವಾಗುತ್ತದೆ. ವೋಲ್ಟೇಜ್ ಎಲ್ಲಾ ಸ್ಥಿರವಾದ ಮೇಲೆ ಬೂದು ಬಣ್ಣದ ವೈರಿನಲ್ಲಿ "ಪವರ್ ಗುಡ್" ಅನ್ನುವ ಸಿಗ್ನಲ್ ಹೋಗುತ್ತದೆ. ಅದು ಬಂದ ಮೇಲೇ ಪ್ರೊಸೆಸರ್ ಬಯೋಸ್, ಅಂದರೆ ಬೋರ್ಡಿನಲ್ಲೇ ಇರುವ ಮೊದಲ ಪ್ರೋಗ್ರಾಂ, ಓದಲು ಶುರು ಮಾಡುವುದು. ಬಯೋಸ್ ರ‍್ಯಾಮ್ ನೋಡುತ್ತದೆ, ಡಿಸ್‌ಪ್ಲೇ ನೋಡುತ್ತದೆ, ಡಿಸ್ಕ್ ಹುಡುಕುತ್ತದೆ. ಇಷ್ಟಾದ ಮೇಲೆ ವಿಂಡೋಸ್. ಯಾವ ಹಂತದಲ್ಲಿ ನಿಂತಿದೆ ಅಂತ ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ. ಉದಾಹರಣೆಗೆ ಪರದೆ ಕಪ್ಪಾಗಿದೆ, ಆದರೆ ಕೀಬೋರ್ಡಿನಲ್ಲಿ ಕ್ಯಾಪ್ಸ್ ಲಾಕ್ ಒತ್ತಿದರೆ ದೀಪ ಹತ್ತಿ ಆರುತ್ತಿದೆ ಅಂತಾದರೆ ಬೋರ್ಡು ಜೀವಂತ ಇದೆ. ಅನುಮಾನ ಪಡಬೇಕಾದ್ದು ಮಾನಿಟರ್, ಕೇಬಲ್, ಗ್ರಾಫಿಕ್ಸ್ ಕಾರ್ಡಿನ ಮೇಲೆ. ಇದನ್ನು ನೋಡೋಕೆ ಸ್ಕ್ರೂಡ್ರೈವರ್ ಕೂಡ ಬೇಡ.

ನಮ್ಮ ಮಾವನದು ಮಲೆನಾಡಿನ ಒಂದು ಊರಲ್ಲಿ ಡಿಟಿಪಿ (ಕಂಪ್ಯೂಟರಿನಲ್ಲಿ ಟೈಪ್ ಮಾಡಿ ಮುದ್ರಣಕ್ಕೆ ಪುಟ ಸಿದ್ಧ ಮಾಡುವ) ಅಂಗಡಿ. ಅಲ್ಲಿರುವ ಸಿಸ್ಟಮ್ 2012ರಲ್ಲಿ ಅಸೆಂಬಲ್ ಮಾಡಿಸಿದ್ದು. ಎರಡನೇ ತಲೆಮಾರಿನ ಕೋರ್ ಐ3, ಎಚ್61 ಬೋರ್ಡ್, 4 ಜಿಬಿ ಡಿಡಿಆರ್3, ವಿಂಡೋಸ್ 7. ಒಳಗೆ ಕನ್ನಡ ಟೈಪ್ ಮಾಡುವ ನುಡಿ, ಪುಟ ಜೋಡಿಸುವ ಪೇಜ್‌ಮೇಕರ್ 7. ಊರಿನ ಮದುವೆ ಕಾಗದ, ಗೃಹಪ್ರವೇಶ, ಜಾತ್ರೆ ಕರಪತ್ರ, ಸೊಸೈಟಿ ವಾರ್ಷಿಕ ವರದಿ ಎಲ್ಲ ಅದರಲ್ಲೇ ಇದೆ. ಇವೆಲ್ಲ ನುಡಿಯ ಹಳೇ ಫಾಂಟುಗಳಲ್ಲಿ ಟೈಪ್ ಮಾಡಿದ್ದು, ಈಗ ಎಲ್ಲ ಕಡೆ ಓದಲು ಬರುವ ಯೂನಿಕೋಡ್ ಅಲ್ಲ. ಆ ಫಾಂಟ್ ಇಲ್ಲದ ಕಡೆ ತೆರೆದರೆ ಕನ್ನಡದ ಜಾಗದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆ ಕಾಣುತ್ತವೆ. ಹಾಗಾಗಿ "ಹೊಸದು ತಗೊಳ್ಳಿ" ಅನ್ನುವುದು ಅವರಿಗೆ ಬರೀ ದುಡ್ಡಿನ ಪ್ರಶ್ನೆ ಆಗಿರಲಿಲ್ಲ.

ಮಳೆಗಾಲದಲ್ಲಿ ಒಂದು ದಿನ ಅದು ಕೈಕೊಟ್ಟಿತು. ಬಟನ್ ಒತ್ತಿದರೆ ಫ್ಯಾನ್ ಒಂದು ಕ್ಷಣ ತಿರುಗುತ್ತದೆ, ನಿಲ್ಲುತ್ತದೆ, ಮತ್ತೆ ತಾನೇ ತಿರುಗುತ್ತದೆ. ಅಂಗಡಿಯವರು ಬೋರ್ಡ್ ಹೋಗಿದೆ ಅಂದರು.

ಮನೆಗೆ ತಂದು ಕ್ಯಾಬಿನೆಟ್ ಬಿಚ್ಚಿದೆವು. ಪ್ಲಗ್ ಕಿತ್ತು, ಪವರ್ ಬಟನ್ ಸ್ವಲ್ಪ ಹೊತ್ತು ಒತ್ತಿ ಹಿಡಿದು, ಕ್ಯಾಬಿನೆಟ್ಟಿನ ಬರೀ ಲೋಹ ಮುಟ್ಟಿ ಆಮೇಲೇ ಒಳಗೆ ಕೈ ಹಾಕಬೇಕು. ಧೂಳು ಬ್ರಶ್ಶಿನಲ್ಲಿ ತೆಗೆದೆವು. ಪ್ರೊಸೆಸರ್ ಸುತ್ತ ಇರುವ ಕೆಪಾಸಿಟರುಗಳ (ವಿದ್ಯುತ್ ಹಿಡಿದಿಟ್ಟುಕೊಳ್ಳುವ ಪುಟ್ಟ ಸಿಲಿಂಡರುಗಳ) ತಲೆ ಉಬ್ಬಿದೆಯಾ, ಬುಡದಲ್ಲಿ ಕಂದು ಅಂಟು ಇಳಿದಿದೆಯಾ ಅಂತ ಟಾರ್ಚ್ ಬಿಟ್ಟು ನೋಡಿದೆವು. 2000ದ ದಶಕದ ಮೊದಲ ವರ್ಷಗಳ ಬೋರ್ಡುಗಳಲ್ಲಿ ಈ ಕಾಯಿಲೆ ಪ್ರಪಂಚದಾದ್ಯಂತ ಇತ್ತು. ಕೆಟ್ಟ ಎಲೆಕ್ಟ್ರೋಲೈಟ್ ತುಂಬಿದ ಕೆಪಾಸಿಟರುಗಳು ಸಾಲುಸಾಲಾಗಿ ಸತ್ತವು. ಇಲ್ಲಿ ತಲೆಗಳೆಲ್ಲ ಚಪ್ಪಟೆಯಾಗೇ ಇದ್ದವು. ಬೋರ್ಡ್ ಬಗ್ಗೆ ನನಗೆ ಆಸೆ ಹುಟ್ಟಿದ್ದು ಆಗಲೇ.

ನಂತರ ಹಾರ್ಡ್ ಡಿಸ್ಕ್, ಡಿವಿಡಿ ಡ್ರೈವ್, ಮುಂದಿನ ಯುಎಸ್‌ಬಿ ವೈರು ಎಲ್ಲ ಕಿತ್ತು, ಪ್ರೊಸೆಸರ್ ಮತ್ತು ಒಂದೇ ಒಂದು ರ‍್ಯಾಮ್ ಕಡ್ಡಿ ಬಿಟ್ಟೆವು. ರ‍್ಯಾಮಿನ ಚಿನ್ನದ ಬಣ್ಣದ ಅಂಚನ್ನು ಮೆತ್ತಗಿನ ಬಿಳಿ ರಬ್ಬರಿನಲ್ಲಿ ಹಗುರವಾಗಿ ಉಜ್ಜಿ, ಪುಡಿ ಪೂರ್ತಿ ಒರೆಸಿ, ಟಕ್ ಅನ್ನುವವರೆಗೆ ಒತ್ತಿ ಕೂರಿಸಿದೆವು. ನಮ್ಮ ಕಡೆ ತೇವಕ್ಕೆ ಈ ಅಂಚು ಮಂಕಾಗುವುದು ಮಾಮೂಲು. ಎಷ್ಟೋ "ಸತ್ತ" ಸಿಸ್ಟಮ್‌ಗಳು ಇಷ್ಟಕ್ಕೇ ಎದ್ದು ಕೂತಿವೆ. ಇದು ಏಳಲಿಲ್ಲ, ಫ್ಯಾನ್ ಅದೇ ರೀತಿ ಆಡ್ತಿತ್ತು.

ಉಳಿದದ್ದು ಎಸ್‌ಎಂಪಿಎಸ್. 24 ಪಿನ್ ಕನೆಕ್ಟರಿನ ಹಸಿರು ವೈರನ್ನು ಕಪ್ಪಿಗೆ ಜೋಡಿಸಿ ಫ್ಯಾನ್ ತಿರುಗಿದರೆ ಎಸ್‌ಎಂಪಿಎಸ್ ಚೆನ್ನಾಗಿದೆ ಅಂತ ತುಂಬಾ ಜನ ತೀರ್ಮಾನಕ್ಕೆ ಬರುತ್ತಾರೆ. ಇದು ಅರ್ಧ ಸತ್ಯ. ಭಾರ ಇಲ್ಲದಾಗ ಅದು ಸರಿಯಾಗೇ ಓಡಬಹುದು, ಪ್ರೊಸೆಸರ್ ಕರೆಂಟ್ ಎಳೆದ ಕ್ಷಣ ಕುಸಿಯಬಹುದು. 12 ವೋಲ್ಟ್ ಲೈನು 11.4ಕ್ಕಿಂತ ಕೆಳಗೆ ಬರಬಾರದು. ಆದರೆ ಕ್ಷಣದಲ್ಲಿ ಆಗುವ ಕುಸಿತವನ್ನು ಮಾಮೂಲಿ ಮಲ್ಟಿಮೀಟರ್ ಹಿಡಿಯುವುದಿಲ್ಲ. ಇಲ್ಲಿ ನಂಬಬಹುದಾದ ಪರೀಕ್ಷೆ ಅಂದರೆ ಚೆನ್ನಾಗಿ ಓಡುತ್ತಿರುವ ಇನ್ನೊಂದು ಸಿಸ್ಟಮ್ಮಿನ ಎಸ್‌ಎಂಪಿಎಸ್ ತಂದು ಹಾಕಿ ನೋಡುವುದು. ಪಕ್ಕದ ಮನೆಯಿಂದ ಸಾಲ ತಂದು ಹಾಕಿದೆವು. ಫ್ಯಾನ್ ನಿಲ್ಲದೆ ತಿರುಗಿತು, ಒಂದು ಸಣ್ಣ ಬೀಪ್ ಬಂತು. ಮಾವ ಕುರ್ಚಿಯಿಂದ ಎದ್ದು ನಿಂತರು.

ದಯವಿಟ್ಟು ಒಂದು ಮಾತು ನೆನಪಿಡಿ. ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ಮನೆಯಲ್ಲಿ ಬಿಚ್ಚಬೇಡಿ. ಒಳಗಿನ ದೊಡ್ಡ ಕೆಪಾಸಿಟರಿನಲ್ಲಿ 300 ವೋಲ್ಟಿಗಿಂತ ಜಾಸ್ತಿ ಇರುತ್ತದೆ, ಪ್ಲಗ್ ಕಿತ್ತ ಮೇಲೂ ಉಳಿದಿರಬಹುದು. ಡಬ್ಬಿಗೆ ಡಬ್ಬಿಯೇ ಬದಲಾಯಿಸಿ. ಬದಲಾಯಿಸುವಾಗ ಹೆಸರಿಲ್ಲದ ಅಗ್ಗದ್ದನ್ನು ತರಬೇಡಿ. ಇಲ್ಲಿ ಉಳಿಸಿದ ದುಡ್ಡಿಗೆ ಮುಂದೆ ಬೋರ್ಡು ಬೆಲೆ ತೆರುತ್ತದೆ.

ನಿಜವಾದ ಅಪಾಯ ಇದ್ದದ್ದು ಇದರ ನಂತರದ ಹಂತದಲ್ಲಿ. ಪರದೆ ಬಂತು, ಗಡಿಯಾರ ಎಷ್ಟೋ ವರ್ಷ ಹಿಂದಕ್ಕೆ ಹೋಗಿತ್ತು, ಸಿಮೋಸ್ (ಬಯೋಸ್ ಸೆಟ್ಟಿಂಗ್ ಉಳಿಯುವ ಮೆಮೊರಿ) ಎರರ್ ತೋರಿಸಿ ಎಫ್1 ಒತ್ತು ಅಂತ ಹೇಳ್ತಿತ್ತು. ಬೋರ್ಡಿನ ಮೇಲಿನ ನಾಣ್ಯದಂಥ ಸಿಆರ್2032 ಬ್ಯಾಟರಿ ಖಾಲಿ. ಹೊಸದರಲ್ಲಿ 3 ವೋಲ್ಟ್ ಇರಬೇಕು, ಇದರಲ್ಲಿ 2 ವೋಲ್ಟ್ ಆಸುಪಾಸು ಇತ್ತು. ಬ್ಯಾಟರಿ ಹಾಕಿ, ತಾರೀಕು ಸರಿ ಮಾಡಿ ಮುಂದೆ ಹೋದರೆ ವಿಂಡೋಸ್ ಲೋಗೋ ಮಿಂಚಿ, ನೀಲಿ ಪರದೆ ಬಂದು, ರೀಸ್ಟಾರ್ಟ್. ಎರರ್ ನಂಬರ್ 0x0000007ಬಿ.

ಇದನ್ನು ಕಂಡ ಕೂಡಲೇ "ವಿಂಡೋಸ್ ಕರಪ್ಟ್ ಆಗಿದೆ, ಫಾರ್ಮ್ಯಾಟ್ ಮಾಡ್ಬೇಕು" ಅನ್ನುವವರು ಎಷ್ಟೋ ಜನ. ನೆಗಡಿ ಬಂತು ಅಂತ ಮೂಗು ಕೊಯ್ದುಕೊಳ್ಳುವ ಕೆಲಸ ಅದು. ಆ ನಂಬರ್ ಹೇಳುವುದು, ವಿಂಡೋಸಿಗೆ ತಾನು ಇರುವ ಡಿಸ್ಕನ್ನೇ ಮುಟ್ಟಲು ಆಗುತ್ತಿಲ್ಲ ಅಂತ. ಬ್ಯಾಟರಿ ಸತ್ತಾಗ ಬಯೋಸ್ ತನ್ನ ಮೂಲ ಸೆಟ್ಟಿಂಗಿಗೆ ವಾಪಸ್ ಹೋಗಿರುತ್ತದೆ. ಈ ಬೋರ್ಡಿನಲ್ಲಿ ಸಾಟಾ ಮೋಡ್, ಅಂದರೆ ಬೋರ್ಡು ಡಿಸ್ಕಿನ ಜೊತೆ ಮಾತಾಡುವ ರೀತಿ, ಐಡಿಇ ಅನ್ನುವ ಹಳೇ ರೀತಿಗೆ ಆಗಿತ್ತು. ವಿಂಡೋಸ್ ಹಾಕಿದ್ದು ಎಎಚ್‌ಸಿಐ ಅನ್ನುವ ಅದಕ್ಕಿಂತ ಹೊಸ ಮೋಡಿನಲ್ಲಿ. ಬಯೋಸ್ ಒಳಗೆ ಹೋಗಿ ಆ ಒಂದು ಸಾಲು ಎಎಚ್‌ಸಿಐಗೆ ಬದಲಾಯಿಸಿ, ಸೇವ್ ಮಾಡಲು ಎಫ್10 ಒತ್ತಿದೆವು. ಡೆಸ್ಕ್‌ಟಾಪ್ ಬಂತು, ಐಕಾನುಗಳು ಇದ್ದ ಜಾಗದಲ್ಲೇ ಇದ್ದವು, ನುಡಿ ತೆರೆಯಿತು. ಫಾರ್ಮ್ಯಾಟ್ ಹೊಡೆದಿದ್ದರೆ ಹನ್ನೆರಡಕ್ಕೂ ಜಾಸ್ತಿ ವರ್ಷಗಳ ಕೆಲಸ ಒಂದು ತಪ್ಪು ಸೆಟ್ಟಿಂಗಿನ ಕಾರಣಕ್ಕೆ ಅಳಿಸಿ ಹೋಗುತ್ತಿತ್ತು. ಇದನ್ನು ನೆನೆಸಿಕೊಂಡರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ರಿಪೇರಿ ಮಾಡುವವರು ಇಡೀ ದಿನ ಕಷ್ಟಪಡುತ್ತಾರೆ ಅಂತ ನನಗೆ ಗೊತ್ತು. ಅರ್ಧ ಗಂಟೆ ಪರೀಕ್ಷೆ ಮಾಡಿದ್ದಕ್ಕೆ ದುಡ್ಡು ಕೇಳಿದರೆ ಗಿರಾಕಿಗಳು ಮುಖ ಸಿಂಡರಿಸುತ್ತಾರೆ, ಹೊಸ ಸಿಸ್ಟಮ್ ಮಾರಿದರೆ ಲಾಭ ಸಿಗುತ್ತದೆ. ಅದಕ್ಕೇ ನಾವು ಪರೀಕ್ಷೆಗೂ ದುಡ್ಡು ಕೊಡುವುದನ್ನು ರೂಢಿ ಮಾಡಿಕೊಳ್ಳಬೇಕು. ಕೊಟ್ಟ ಮೇಲೆ ಏನು ಪರೀಕ್ಷೆ ಮಾಡಿದಿರಿ, ಯಾವ ಭಾಗ ಬದಲಾಯಿಸಿ ನೋಡಿದಿರಿ ಅಂತ ಕೇಳುವುದು ನಮ್ಮ ಹಕ್ಕು, ಅಲ್ವಾ?

ಎಲ್ಲಾ ಹಳೇ ಮಷೀನೂ ಉಳಿಸಿಕೊಳ್ಳಿ ಅಂತ ನಾನು ಹೇಳಲ್ಲ. ಪ್ರೊಸೆಸರ್ ಪಕ್ಕ ಬೋರ್ಡು ಸುಟ್ಟು ಕಪ್ಪಾಗಿದ್ದರೆ ಬಿಟ್ಟುಬಿಡಿ. ಡಿಸ್ಕ್ ಟಕ್ ಟಕ್ ಸದ್ದು ಮಾಡ್ತಿದ್ದರೆ ಮತ್ತೆ ಮತ್ತೆ ಆನ್ ಮಾಡಬೇಡಿ. ಮುಖ್ಯ ಫೈಲ್ ಇದ್ದರೆ ಡೇಟಾ ರಿಕವರಿ ಮಾಡುವವರ ಹತ್ತಿರ ಒಯ್ಯಿರಿ. ವಿಂಡೋಸ್ 7ಕ್ಕೆ 2020ರ ಜನವರಿಯಲ್ಲೇ ಸೆಕ್ಯೂರಿಟಿ ಅಪ್‌ಡೇಟ್ ನಿಂತಿದೆ, ವಿಂಡೋಸ್ 10ಕ್ಕೂ 2025ರ ಅಕ್ಟೋಬರ್ 14ಕ್ಕೆ ಮಾಮೂಲಿ ಬೆಂಬಲ ಮುಗಿಯಿತು. ವಿಂಡೋಸ್ 11 ಇಷ್ಟು ಹಳೇ ಪ್ರೊಸೆಸರನ್ನು ಒಪ್ಪುವುದಿಲ್ಲ. ಅದಕ್ಕೇ ಮಾವನ ಸಿಸ್ಟಮ್ಮಿನ ಇಂಟರ್ನೆಟ್ ಕೇಬಲ್ ಕಿತ್ತಿಟ್ಟಿದ್ದೇವೆ, ಅದು ಈಗ ಡಿಟಿಪಿಗೆ ಮಾತ್ರ. ಅದೇ ದಿನ ಫೈಲುಗಳನ್ನು, ನುಡಿ ಫಾಂಟುಗಳ ಸಮೇತ, ಎರಡು ಬೇರೆ ಡಿಸ್ಕಿಗೆ ಕಾಪಿ ಮಾಡಿದೆವು. ಅವನ್ನು ಯೂನಿಕೋಡಿಗೆ ಬದಲಾಯಿಸುವ ಕೆಲಸ ನಿಧಾನವಾಗಿ ನಡೀತಿದೆ.

ನಿಮ್ಮ ಮನೆಯ ಹಳೇ ಸಿಸ್ಟಮ್ ಈಗ ಚೆನ್ನಾಗಿ ಓಡ್ತಿದ್ದರೆ ಈ ವಾರವೇ ಒಮ್ಮೆ ಬಯೋಸ್ ಒಳಗೆ ಹೋಗಿ. ಬಹಳಷ್ಟು ಬೋರ್ಡುಗಳಲ್ಲಿ ಆನ್ ಆಗುವಾಗ ಡಿಲೀಟ್ ಅಥವಾ ಎಫ್2 ಒತ್ತಿದರೆ ಸಾಕು. ಏನನ್ನೂ ಬದಲಾಯಿಸದೆ ಪ್ರತಿ ಪುಟದ ಫೋಟೋ ಫೋನಿನಲ್ಲಿ ತೆಗೆದುಕೊಳ್ಳಿ, ಸಾಟಾ ಮೋಡ್ ಮತ್ತು ಬೂಟ್ ಆರ್ಡರ್ (ಯಾವ ಡಿಸ್ಕಿನಿಂದ ಮೊದಲು ಶುರು ಮಾಡಬೇಕು ಅನ್ನುವ ಪಟ್ಟಿ) ಇರುವ ಪುಟ ಮರೀಬೇಡಿ. ಹಾಗೇ ಬರುವಾಗ ಒಂದು ಸಿಆರ್2032 ಕೂಡ ತಂದಿಡಿ.