ತೂತು ಮೊದಲು, ಗಾಳಿ ಆಮೇಲೆ

ಇವತ್ತು ಸಂಜೆ ಭಾವನ ಮೇಲೆ ರೇಗಿಬಿಟ್ಟೆ. ಮನೆಗೆ ಬಂದ ನೆಂಟರ ಮೇಲೆ ರೇಗಬಾರದು, ಅದರಲ್ಲೂ ಅಕ್ಕನ ಗಂಡನ ಮೇಲೆ ರೇಗಲೇಬಾರದು. ಅಕ್ಕ ಇದನ್ನು ಓದುತ್ತಾಳೆ ಅಂತಲೂ ಗೊತ್ತು. ಓದಲಿ.

ಇಲ್ಲಿ ಅಮೆರಿಕದಲ್ಲಿ, ಪಿಟ್ಸ್‌ಬರ್ಗಿನ ಹತ್ತಿರದ ಪೆನ್ ಹಿಲ್ಸ್‌ನ ವೆಂಕಟೇಶ್ವರ ದೇವಸ್ಥಾನಕ್ಕೆ ಹೋಗಿ ವಾಪಸ್ ಬರುತ್ತಿದ್ದೆವು. ಅಕ್ಕನ ತೊಡೆ ಮೇಲೆ ದೇವಸ್ಥಾನದ ಕ್ಯಾಂಟೀನಿನ ಪುಳಿಯೋಗರೆ ಡಬ್ಬಿ. ಕಾರೆಲ್ಲ ಇಂಗು, ಹುಣಸೆಹುಳಿ ವಾಸನೆ. ಸ್ಕ್ವಿರಲ್ ಹಿಲ್ ಸುರಂಗದ ಬಾಯಿಗೆ ಬರುತ್ತಿದ್ದ ಹಾಗೆ ಮುಂದಿನವರೆಲ್ಲ ಬ್ರೇಕ್ ಒತ್ತಿದರು. ಯಾಕೆ ಅಂತ ಕೇಳಬೇಡಿ. ಪಿಟ್ಸ್‌ಬರ್ಗಿನ ಜನಕ್ಕೆ ಇದೊಂದು ಕಾಯಿಲೆ. ಹುಟ್ಟಿದಾಗಿನಿಂದ ಅದೇ ಸುರಂಗದಲ್ಲಿ ಓಡಾಡಿರುತ್ತಾರೆ, ಆದರೂ ಪ್ರತಿ ಸಲ ಅದರ ಬಾಯಿ ಕಂಡರೆ ಹಸು ಹೊಸ ಕೊಟ್ಟಿಗೆ ಮುಂದೆ ನಿಂತ ಹಾಗೆ ನಿಲ್ಲುತ್ತಾರೆ. ಹನ್ನೊಂದು ವರ್ಷದಿಂದ ಬೈಯುತ್ತಿದ್ದೇನೆ, ಒಬ್ಬನೂ ಕೇಳಿಸಿಕೊಂಡಿಲ್ಲ. ಇರಲಿ, ಇವತ್ತಿನ ಸಿಟ್ಟು ಅದಲ್ಲ.

ಊರು ದಾಟಿ, ಲಿಬರ್ಟಿ ಸೇತುವೆ ದಾಟಿ, ಲಿಬರ್ಟಿ ಸುರಂಗದೊಳಗೆ ಹೊಕ್ಕೆವು. ಅರ್ಧಕ್ಕೆ ಹೋಗುವಷ್ಟರಲ್ಲಿ ಎಲ್ಲ ನಿಂತಿತು. ಮುಂದೆಲ್ಲೋ ಒಂದು ಕಾರು ಕೆಟ್ಟು ನಿಂತಿದೆ. ಹಿಂದೆ ಹೋಗುವ ಹಾಗಿಲ್ಲ, ಮುಂದೆ ಹೋಗುವ ಹಾಗಿಲ್ಲ. ಎರಡು ಸಾಲು ಕೆಂಪು ದೀಪ, ಮೇಲೆ ಹಳದಿ ಬೆಳಕು. ಭಾವ ಖುಷಿಯಾಗಿ ಫೋನ್ ತೆಗೆದರು, ವಿಡಿಯೋ ಶುರು ಮಾಡಿದರು.

"ನೋಡಿ ಸ್ನೇಹಿತರೆ, ನೂರು ವರ್ಷದ ಹಿಂದೇನೇ ಈ ಜನ ಗುಡ್ಡ ಕೊರೆದು ಕಾರಿಗೆ ದಾರಿ ಮಾಡಿಕೊಂಡರು. ಯಾರೂ ತಕರಾರು ಮಾಡಲಿಲ್ಲ. ನಮ್ಮ ಬೆಂಗಳೂರಲ್ಲಿ ಒಂದು ಟನಲ್ ರೋಡ್ ಅಂದರೆ ಸಾಕು, ಗಾಳಿ ಎಲ್ಲಿಂದ, ನೀರು ಎಲ್ಲಿಂದ, ಮರ ಏನಾಯ್ತು... ಬರೀ ಕ್ಯಾತೆ!"

ಅಷ್ಟು ಹೇಳಿ ಫೋನನ್ನು ನನ್ನ ಕಡೆ ತಿರುಗಿಸಿದರು. "ನೀನೂ ಒಂದು ಮಾತು ಹೇಳೋ."

ಹೇಳಿದೆ. ಅದನ್ನು ಅವರು ಗ್ರೂಪಿಗೆ ಹಾಕಲಿಲ್ಲ.

ನನ್ನ ಹುಚ್ಚು ನಿಮಗೆ ಗೊತ್ತಲ್ವಾ. ಈ ಊರಿಗೆ ಬಂದಾಗಿನಿಂದ ಇಲ್ಲಿನ ಸೇತುವೆ, ಸುರಂಗ, ಹಳಿ ಮೇಲೆ ಗುಡ್ಡ ಹತ್ತುವ ಇನ್‌ಕ್ಲೈನ್ ಗಾಡಿ ಅಂತ ಅಲೆದಿದ್ದೇ ಅಲೆದಿದ್ದು. ಹಾಗಾಗಿ ಬೇರೆ ಯಾವ ಸುರಂಗದಲ್ಲಿ ಕೂತು ಭಾವ ಆ ಮಾತು ಹೇಳಿದ್ದರೂ ಸುಮ್ನೆ ಇರುತ್ತಿದ್ದೆ. ಆದರೆ ಅವರು ಕೂತಿದ್ದು ಲಿಬರ್ಟಿ ಸುರಂಗದಲ್ಲಿ. "ಗಾಳಿ ಎಲ್ಲಿಂದ" ಅಂತ ಕೇಳುವವರನ್ನು ಆಡಿಕೊಳ್ಳಬಾರದ ಜಾಗ ಭೂಮಿ ಮೇಲೆ ಒಂದಿದ್ದರೆ ಅದು ಇದೇ.

ಊರಿನ ದಕ್ಷಿಣಕ್ಕೆ ಮೊನಾಂಗಹೀಲಾ ನದಿ. ನದಿ ದಾಟಿದ ಕೂಡಲೇ ಗೋಡೆ ಎದ್ದ ಹಾಗೆ ಮೌಂಟ್ ವಾಷಿಂಗ್ಟನ್. ಹಿಂದೆ ಅದಕ್ಕೆ ಕೋಲ್ ಹಿಲ್ ಅನ್ನುತ್ತಿದ್ದರು, ಹೊಟ್ಟೆ ತುಂಬ ಕಲ್ಲಿದ್ದಲು ಇದ್ದದ್ದರಿಂದ. ಗುಡ್ಡದ ಆಚೆ ಸೌತ್ ಹಿಲ್ಸ್, ಅಂದರೆ ಈಗ ನಾವಿರುವ ಕಡೆ. ಗುಡ್ಡದ ಮೇಲಿನವರು ಇಳಿದು ಹತ್ತುವುದಕ್ಕೆ 1870ರಲ್ಲೇ ಮೊದಲ ಇನ್‌ಕ್ಲೈನ್ ಬಂತು. ಟ್ರಾಮಿಗೆ 1904ರಲ್ಲಿ ಸುರಂಗ ಆಯಿತು. ಕಾರಿಟ್ಟುಕೊಂಡವನು ಮಾತ್ರ ಗುಡ್ಡ ಸುತ್ತಬೇಕಿತ್ತು, ಇಲ್ಲ ಏದುಸಿರು ಬಿಟ್ಟುಕೊಂಡು ಹತ್ತಬೇಕಿತ್ತು. ಸರಿ, ಕಾರಿಗೂ ಒಂದು ಸುರಂಗ ಬೇಕು ಅಂತಾಯಿತು.

ತಕರಾರೇ ಇರಲಿಲ್ಲವಂತೆ! ಎಲ್ಲಿ ಕೊರೆಯಬೇಕು ಅಂತ ವರ್ಷಗಟ್ಟಲೆ ಕಿತ್ತಾಡಿದರು ಭಾವ. ಯಾರ ಜಮೀನಿನ ಹತ್ತಿರ ಬಾಯಿ ತೆರೆಯುತ್ತದೋ ಅವನ ಸೈಟಿಗೆ ಚಿನ್ನದ ಬೆಲೆ. ಕೊನೆಗೆ 1919ರ ಡಿಸೆಂಬರಿನಲ್ಲಿ ಕೆಲಸ ಶುರುವಾಯಿತು. ಪಕ್ಕಪಕ್ಕದಲ್ಲಿ ಎರಡು ಕೊಳವೆ, ಒಂದು ಹೋಗುವುದಕ್ಕೆ, ಒಂದು ಬರುವುದಕ್ಕೆ. ಉದ್ದ 5,889 ಅಡಿ, ಹತ್ತಿರ ಹತ್ತಿರ 1.8 ಕಿಲೋಮೀಟರ್. ಕಾರುಗಳಿಗೆ ಅಂತಲೇ ಗುಡ್ಡದಡಿ ಇಷ್ಟು ಉದ್ದ ಕೊರೆದಿದ್ದು ಆ ಕಾಲಕ್ಕೆ ದೊಡ್ಡ ಸುದ್ದಿ. ಖರ್ಚು ಸುಮಾರು 60 ಲಕ್ಷ ಡಾಲರ್. 1924ರ ಜನವರಿಯಲ್ಲಿ ಟೇಪು ಕತ್ತರಿಸಿದರು.

ಎಲ್ಲ ಇತ್ತು. ಒಂದು ಇರಲಿಲ್ಲ. ಫ್ಯಾನ್.

ಇನ್ನೊಂದು ಸಲ ಹೇಳುತ್ತೇನೆ, ಅಕ್ಕ, ಇದನ್ನು ಭಾವನಿಗೆ ಜೋರಾಗಿ ಓದಿ ಹೇಳು. 1.8 ಕಿಲೋಮೀಟರ್ ಕೊಳವೆಯೊಳಗೆ ಪೆಟ್ರೋಲ್ ಗಾಡಿ ಬಿಟ್ಟರು, ಹೊಗೆ ಎಳೆದು ಹಾಕುವ ಯಂತ್ರ ಇನ್ನೂ ಕೂರಿಸಿರಲಿಲ್ಲ. ತೂತು ಮೊದಲು, ಗಾಳಿ ಆಮೇಲೆ.

ಹಾಗಾದರೆ ತೆರೆದ ಮೇಲೆ ಮೊದಲ ನಾಲ್ಕು ತಿಂಗಳು ಹೇಗೆ ನಡೀತು? ಇದು ಸ್ವಾರಸ್ಯದ ವಿಷಯ. ಒಂದು ಕೊಳವೆಯಲ್ಲಿ ಎಲ್ಲ ಗಾಡಿ ಒಂದೇ ದಿಕ್ಕಿಗೆ ಓಡಿದರೆ, ಗಾಡಿಗಳೇ ಗಾಳಿಯನ್ನು ಮುಂದಕ್ಕೆ ನೂಕುತ್ತವೆ. ಮಕ್ಕಳ ಪಿಚಕಾರಿಯ ಒಳಗಿನ ಕಡ್ಡಿ ನೀರು ನೂಕಿದ ಹಾಗೆ. ಗಾಡಿ ಓಡುತ್ತಿರುವ ತನಕ ಗಾಳಿಯೂ ಓಡುತ್ತದೆ. ಗಾಡಿ ನಿಂತಿತೋ, ಗಾಳಿಯೂ ನಿಲ್ಲುತ್ತದೆ. ಆದರೆ ಇಂಜಿನ್ ನಿಲ್ಲುವುದಿಲ್ಲ. ಅದು ಗುರುಗುಟ್ಟುತ್ತ ಕಾರ್ಬನ್ ಮಾನಾಕ್ಸೈಡ್ ಅನ್ನುವ ವಿಷಗಾಳಿ ಕಾರುತ್ತಲೇ ಇರುತ್ತದೆ. ಅಂದರೆ ಗಾಳಿ ಯಾವಾಗ ಜಾಸ್ತಿ ಬೇಕೋ ಆವಾಗಲೇ ಕೈ ಕೊಡುವ ಏರ್ಪಾಡು.

ನಿಂತೇಬಿಟ್ಟಿತು. 1924ರ ಮೇ 10, ಶನಿವಾರ. ಊರಿನಲ್ಲಿ ಟ್ರಾಮ್ ನೌಕರರ ಮುಷ್ಕರ. ಟ್ರಾಮಿನಲ್ಲಿ ಹೋಗುವವರೆಲ್ಲ ಯಾರ್ಯಾರದೋ ಕಾರು ಹತ್ತಿದರು. ಎಲ್ಲರೂ ಒಟ್ಟಿಗೆ ಸುರಂಗಕ್ಕೆ ನುಗ್ಗಿದರು. ಒಳಗೆ ಜಾಮ್. ಸ್ವಲ್ಪ ಹೊತ್ತಿಗೆ ಜನ ಕೂತಲ್ಲೇ ವಾಲತೊಡಗಿದರು. ಕಾರು ಬಿಟ್ಟು ಹೊರಗೆ ಓಡಿದವರು, ಅರ್ಧ ದಾರಿಯಲ್ಲಿ ಬಿದ್ದವರು, ಎಳೆದು ತರಲು ಒಳಗೆ ಹೋಗಿ ತಾವೇ ತಲೆ ಸುತ್ತಿದ ಪೊಲೀಸರು. ಅದಾದ ಮೇಲೆ ನೆನಪಾಯಿತು ನೋಡಿ, ಮನುಷ್ಯರಿಗೆ ಉಸಿರಾಟ ಅಂತ ಒಂದಿದೆ ಅನ್ನುವುದು. ಗಾಡಿಗಳ ಸಂಖ್ಯೆಗೆ ಮಿತಿ ಹಾಕಿದರು. ಆಮೇಲೆ ಗುಡ್ಡದ ತಲೆ ಮೇಲೆ ಫ್ಯಾನ್ ಮನೆ ಕಟ್ಟಿ ನಾಲ್ಕು ಚಿಮಣಿ ಎಬ್ಬಿಸಿದರು. ಈಗಲೂ ಇವೆ. ಮೌಂಟ್ ವಾಷಿಂಗ್ಟನ್ ಮೇಲೆ ಮನೆಗಳ ಮಧ್ಯೆ, ಯಾವುದೋ ಹಳೇ ಮಿಲ್ಲಿನ ಹಾಗೆ ಇಟ್ಟಿಗೆ ಚಿಮಣಿ. ಭಾವನನ್ನು ಮೊನ್ನೆ ಆ ಕಡೆ ಕರಕೊಂಡು ಹೋಗಿದ್ದೆ. ಅವುಗಳ ಮುಂದೆ ಸೆಲ್ಫಿ ತೆಗೆದುಕೊಂಡಿದ್ದಾರೆ. ಅದು ಏನು ಅಂತ ಕೇಳಲಿಲ್ಲ.

ಈಗ ಒಬ್ಬರು ಹೇಳೇ ಹೇಳುತ್ತೀರಿ, ನೀವು ಯಾರು ಅಂತಲೂ ಗೊತ್ತು: "ಪಾಪ, ಆ ಕಾಲದವರಿಗೆ ಏನು ಗೊತ್ತಿತ್ತು? ಕಾರೇ ಹೊಸದು."

ಗೊತ್ತಿತ್ತು ಸ್ವಾಮಿ. ಚೆನ್ನಾಗಿ ಗೊತ್ತಿತ್ತು. ನನ್ನ ಹೊಟ್ಟೆ ಉರಿಯುವುದೇ ಅದಕ್ಕೆ.

ಅದೇ ಹೊತ್ತಿನಲ್ಲಿ ನ್ಯೂಯಾರ್ಕಿನವರು ಹಡ್ಸನ್ ನದಿಯ ಕೆಳಗೆ ಹಾಲೆಂಡ್ ಸುರಂಗ ಮಾಡುತ್ತಿದ್ದರು. ಅವರು ಮೊದಲು ಕೇಳಿದ ಪ್ರಶ್ನೆಗಳಲ್ಲಿ ಒಂದು: ಒಳಗೆ ಗಾಳಿ ಎಷ್ಟು ಬೇಕು? ಹೌದು ಭಾವ, ನೀವು ಕ್ಯಾತೆ ಅಂದಿರಲ್ಲ, ಅದೇ. ಉತ್ತರ ಹುಡುಕಲು ಬ್ಯೂರೋ ಆಫ್ ಮೈನ್ಸ್, ಅಂದರೆ ಸರ್ಕಾರದ ಗಣಿ ಇಲಾಖೆಯವರನ್ನು ಹಿಡಿದರು. ಗಣಿಯೊಳಗೆ ವಿಷಗಾಳಿಯಿಂದ ಜನ ಸಾಯುವುದನ್ನು ಕಂಡವರು ಅವರು. 1920ರ ಆಸುಪಾಸಿನಲ್ಲಿ, ತಮ್ಮ ಪ್ರಯೋಗದ ಗಣಿಯೊಳಗೆ 400 ಅಡಿಯ ದುಂಡನೆಯ ದಾರಿ ಮಾಡಿ, ಅದರಲ್ಲಿ ಕಾರು ಓಡಿಸಿ ಅಳೆದರು. ಯೇಲ್ ವಿಶ್ವವಿದ್ಯಾಲಯದ ಯಾಂಡೆಲ್ ಹೆಂಡರ್ಸನ್ ಅನ್ನುವವರು ಮುಚ್ಚಿದ ಕೋಣೆಯಲ್ಲಿ ಜನರನ್ನು ಕೂರಿಸಿ, ಎಷ್ಟು ಗ್ಯಾಸಿಗೆ ತಲೆನೋವು ಬರುತ್ತದೆ ಅಂತ ನೋಡಿದರು. ಗಾಳಿಯ 10,000 ಪಾಲಿನಲ್ಲಿ 4 ಪಾಲು ಮಾನಾಕ್ಸೈಡ್ ಇದ್ದರೆ ಒಂದು ಗಂಟೆ ತಡೆದುಕೊಳ್ಳಬಹುದು ಅಂತ ಲೆಕ್ಕ ಸಿಕ್ಕಿತು. ಅದರ ಮೇಲೆ ಹಾಲೆಂಡ್ ಸುರಂಗಕ್ಕೆ 84 ಫ್ಯಾನ್ ಹಾಕಿದರು. ರಸ್ತೆಯ ಅಡಿಯಿಂದ ಹೊಸ ಗಾಳಿ, ಚಾವಣಿಯಿಂದ ಕೆಟ್ಟ ಗಾಳಿ ಹೊರಕ್ಕೆ. 90 ಸೆಕೆಂಡಿಗೊಮ್ಮೆ ಒಳಗಿನ ಗಾಳಿ ಪೂರ್ತಿ ಬದಲು. ಅಷ್ಟೆಲ್ಲ ಮುಗಿಸಿ ಬಾಗಿಲು ತೆರೆದದ್ದು 1927ರಲ್ಲಿ. ಗಾಳಿ ಮೊದಲು, ಕಾರು ಆಮೇಲೆ.

ಆ ಪ್ರಯೋಗದ ಗಣಿ ಎಲ್ಲಿತ್ತು ಹೇಳಿ ನೋಡೋಣ?

ಬ್ರೂಸ್ಟನ್‌ನಲ್ಲಿ. ಪಿಟ್ಸ್‌ಬರ್ಗಿನಿಂದ ಹದಿಮೂರು ಮೈಲಿ, ದಕ್ಷಿಣಕ್ಕೆ. ಇದೇ ಗುಡ್ಡದ ಆಚೆ ಕಡೆ! ನ್ಯೂಯಾರ್ಕಿನವರು ಇಷ್ಟು ದೂರ ಬಂದು ಈ ಊರಿನ ಜನರನ್ನು ಕೇಳಿ ತಿಳಿದುಕೊಂಡು ಹೋದರು. ಈ ಊರಿನವರು ಹಿತ್ತಲಲ್ಲೇ ಉತ್ತರ ಇಟ್ಟುಕೊಂಡೂ ಫ್ಯಾನ್ ಕೂರುವ ತನಕ ಕಾಯಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಅನ್ನುವ ಗಾದೆ ನಾವೇ ಮಾಡಿದ್ದು ಅಂದುಕೊಂಡಿದ್ದೆ, ಪಿಟ್ಸ್‌ಬರ್ಗಿನವರೂ ಅದನ್ನೇ ಹಿಡಿದು ಬದುಕಿದ್ದಾರೆ.

"ಆಯ್ತಪ್ಪ, ಆಮೇಲೆ ಸರಿ ಮಾಡಿದರಲ್ಲ. ಈಗೇನು ನಿನ್ನ ರಗಳೆ?" ಭಾವ ಸುರಂಗದಲ್ಲೇ ಹೀಗಂದರು. ನಾನು ರೇಗಿದ್ದು ಈ ಮಾತಿಗೆ. ಯಾಕೆ ಅಂತ ಅಕ್ಕನಿಗೂ ಗೊತ್ತಿಲ್ಲ, ಅಮ್ಮನಿಗೂ ಇಲ್ಲಿಯ ತನಕ ಹೇಳಿಲ್ಲ. ಈಗ ಹೇಳಿಬಿಡುತ್ತೇನೆ.

ಬೆಂಗಳೂರಲ್ಲಿ ಮೊದಲ ಕೆಲಸ ಸಿಕ್ಕಾಗ ವಿಜಯನಗರದಲ್ಲಿ ಮಹಡಿ ಮೇಲೆ ಒಂದು ರೂಮು ಮಾಡಿಕೊಂಡಿದ್ದೆವಲ್ಲ, ನಾನು ಮತ್ತೊಬ್ಬ. ಬಚ್ಚಲು ಅಂದರೆ ಬಾಗಿಲು ಹಾಕಿದರೆ ಮಂಡಿ ಗೋಡೆಗೆ ತಾಗಬೇಕು, ಅಷ್ಟು. ಅದರೊಳಗೆ ಗ್ಯಾಸ್ ಗೀಸರ್. ಕಿಟಕಿ ಇರಲಿಲ್ಲ. ಕಿಟಕಿಗೆ ಅಂತ ಬಿಟ್ಟ ಜಾಗಕ್ಕೆ ಓನರ್ ಪ್ಲೈವುಡ್ ಹೊಡೆಸಿದ್ದರು, ಪಕ್ಕದ ಮನೆಯವರು ಜಗಳ ತೆಗೆದಿದ್ದರು ಅಂತ. ಕೇಳಿದರೆ, "ಸದ್ಯಕ್ಕೆ ಇರಲಿ ಬಿಡಿ, ಆಮೇಲೆ ಒಂದು ಫ್ಯಾನ್ ಹಾಕಿಸೋಣ" ಅಂದರು. ಬಾಡಿಗೆ ಕಡಿಮೆ ಇತ್ತು. ಸುಮ್ನಾದೆವು.

ಡಿಸೆಂಬರ್. ಚಳಿಗೆ ಹತ್ತು ನಿಮಿಷ ಜಾಸ್ತಿ ನೀರು ಬಿಟ್ಟುಕೊಂಡೆ. ವಾಸನೆ ಏನೂ ಬರಲಿಲ್ಲ. ಕೆಮ್ಮು ಬರಲಿಲ್ಲ. ಇದ್ದಕ್ಕಿದ್ದ ಹಾಗೆ ಕಾಲಿನಲ್ಲಿ ಬಲ ಇಲ್ಲ ಅನ್ನಿಸಿತು, ಅಷ್ಟೇ. ಚಿಲಕ ಕಣ್ಣ ಮುಂದೆ ಇದೆ, ಕೈ ಎತ್ತೋಣ ಅಂದುಕೊಂಡೆ, ಕೈ ಬರಲಿಲ್ಲ. ಬೇಜಾರೂ ಆಗಲಿಲ್ಲ ಅನ್ನುವುದು ನೆನಪಿದೆ. ಹಿತವಾಗಿತ್ತು. ಮಲಗಿಬಿಡೋಣ ಅನ್ನಿಸಿತು. ರಕ್ತದಲ್ಲಿ ಆಮ್ಲಜನಕ ಕೂರುವ ಜಾಗವನ್ನು ಈ ಗ್ಯಾಸು ಇನ್ನೂರು ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ ಅಂತ ಆಮೇಲೆ ಓದಿ ತಿಳಿದುಕೊಂಡೆ. ಅವತ್ತು ನನಗೆ ಗೊತ್ತಾದದ್ದು ಬಕೆಟ್ ಉರುಳಿದ ಸದ್ದು ಮಾತ್ರ. ರೂಮ್‌ಮೇಟ್ ಆ ಸದ್ದು ಕೇಳಿ ಬಾಗಿಲು ಒದ್ದ. ಎರಡನೇ ಒದೆತಕ್ಕೆ ಚಿಲಕ ಕಿತ್ತುಬಂತು. ಅವನು ಅವತ್ತು ಊರಿಗೆ ಹೋಗಬೇಕಿತ್ತು, ಬಸ್ ತಪ್ಪಿಸಿಕೊಂಡಿದ್ದ.

ಮಾರನೇ ವಾರ ಓನರ್ ಫ್ಯಾನ್ ಹಾಕಿಸಿದರು. ಚಿಲಕದ ದುಡ್ಡು ಅಡ್ವಾನ್ಸಿನಲ್ಲಿ ಮುರಿದುಕೊಂಡರು.

ಈಗ ಹೇಳಿ, "ಆಮೇಲೆ ಸರಿ ಮಾಡಿದರಲ್ಲ" ಅಂದರೆ ನನಗೆ ಮೈ ಉರಿಯದೆ ಇರುತ್ತಾ?

ಬೆಂಗಳೂರಿನ ಟನಲ್ ರೋಡ್ ಬೇಕೋ ಬೇಡವೋ ಅಂತ ನಾನು ಇಲ್ಲಿ ಕೂತು ತೀರ್ಪು ಕೊಡುವುದಿಲ್ಲ. ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ವರೆಗೆ ದಿನಾ ಒದ್ದಾಡುವವರ ಕಷ್ಟ ನನಗೆ ಗೊತ್ತಿಲ್ಲದ್ದೇನಲ್ಲ, ಆ ಸಿಲ್ಕ್ ಬೋರ್ಡ್‌ನಲ್ಲಿ ನನ್ನ ಯೌವನದ ಒಂದು ಪಾಲು ಕಳೆದುಹೋಗಿದೆ. ಕಾಗದದ ಮೇಲೆ ಗಾಳಿಗೆ ಅಂತ ಏನೇನು ಬರೆದಿದ್ದಾರೋ, ಅದನ್ನು ಬಲ್ಲವರು ಓದಿ ಹೇಳಲಿ. ನಾನು ಕಂಪ್ಯೂಟರ್ ಕುಟ್ಟುವವನು. ಆದರೆ ನಮ್ಮದು ಸುಮಾರು 17 ಕಿಲೋಮೀಟರ್ ಮಾತು. ಇಲ್ಲಿ 1.8ಕ್ಕೇ ಪೊಲೀಸರು ತಲೆ ಸುತ್ತಿ ಬಿದ್ದರು. ಗಾಳಿ ಎಲ್ಲಿಂದ ಅಂತ ಲಾಲ್‌ಬಾಗಿಗೆ ವಾಕಿಂಗ್ ಬರುವ ಅಜ್ಜ ಒಬ್ಬರು ಕೇಳಿದರೆ, ಅವರಿಗೆ ಲಿಬರ್ಟಿ ಸುರಂಗದ ವಿಡಿಯೋ ತೋರಿಸಿ ಬಾಯಿ ಮುಚ್ಚಿಸುವುದಾ? ಬೇರೆ ಯಾವುದಾದರೂ ಸುರಂಗ ತೋರಿಸಿ ಭಾವ. ಹಾಲೆಂಡ್ ತೋರಿಸಿ, ನಾನೇ ಕರಕೊಂಡು ಹೋಗುತ್ತೇನೆ, ಆರು ಗಂಟೆ ಡ್ರೈವ್.

ಇಪ್ಪತ್ತು ನಿಮಿಷ ಆದ ಮೇಲೆ ಸಾಲು ಮೆಲ್ಲಗೆ ಜರುಗಿತು. ಕೆಟ್ಟ ಕಾರನ್ನು ಹಗ್ಗ ಕಟ್ಟಿ ಎಳೆದಿದ್ದರು. ಹೊರಗೆ ಬಂದ ಕೂಡಲೇ ಭಾವ ಗಾಜು ಇಳಿಸಿದರು. ಮಾತಿಲ್ಲ. ಅಕ್ಕ ಹಿಂದಿನಿಂದ ಪುಳಿಯೋಗರೆ ಡಬ್ಬಿ ಮುಂದಕ್ಕೆ ಚಾಚಿದಳು, ಜಗಳ ನಿಲ್ಲಿಸುವುದಕ್ಕೆ ಅವಳಿಗೆ ಗೊತ್ತಿರುವುದು ಅದೊಂದೇ ದಾರಿ. ಭಾವ ಒಂದು ತುತ್ತು ತಿಂದು, "ಖಾರ ಸಾಲದು" ಅಂದರು.

ವಿಡಿಯೋ ಗ್ರೂಪಿಗೆ ಹೋಗಿದೆ. ನನ್ನ ಮಾತು ಕತ್ತರಿಸಿ. ಹದಿನಾಲ್ಕು ಥಮ್ಸ್ ಅಪ್ ಬಂದಿವೆ, ಒಂದು ನಮ್ಮ ಅಮ್ಮನದು.

ಇದನ್ನು ಟೈಪ್ ಮಾಡುತ್ತಿರುವಾಗ ಭಾವ ಸ್ನಾನಕ್ಕೆ ಹೋಗಿದ್ದಾರೆ. ಬಿಸಿನೀರಿನ ಟ್ಯಾಂಕ್ ಇರುವುದು ಕೆಳಗೆ ಬೇಸ್‌ಮೆಂಟಿನಲ್ಲಿ, ಅದರ ಹೊಗೆಗೆ ಬೇರೆ ಕೊಳವೆ ಇದೆ, ಹಜಾರದಲ್ಲಿ ಮಾನಾಕ್ಸೈಡ್ ಅಲಾರಂ ಇದೆ. ಮೊನ್ನೆ ತಾನೆ ಬ್ಯಾಟರಿ ಬದಲಿಸಿದ್ದೇನೆ. ಬಚ್ಚಲಿನಲ್ಲಿ ಏನೂ ಆಗುವುದಿಲ್ಲ. ಆದರೆ ಅವರು ಫ್ಯಾನ್ ಹಾಕಿಕೊಂಡಿರಲಿಲ್ಲ. ಸ್ವಿಚ್ ಹೊರಗಡೆ ಇದೆ. ಎದ್ದು ಹೋಗಿ ಹಾಕಿ ಬಂದೆ. ಒಳಗಿಂದ "ಯಾರೋ ಅದು?" ಅಂದರು. ನಾನು ಮಾತಾಡಲಿಲ್ಲ.