ತಲಬಾಗಿಲಿಗೆ ಬರ್ಮಾ ಬೇಕು

ಹುಬ್ಬಳ್ಳಿಯಲ್ಲಿ ಮನೆ ಕಟ್ಟಿಸಿದವರು ಸಿಮೆಂಟ್ ಯಾವುದು ಅನ್ನೋದನ್ನು ಮರೆತಾರು, ತಲಬಾಗಿಲು 'ಬರ್ಮಾ', ಅಂದರೆ ಈಗಿನ ಮ್ಯಾನ್ಮಾರಿನ ಸಾಗವಾನಿ, ಅನ್ನೋದನ್ನು ಮರೆಯೋದಿಲ್ಲ. ವಾಸ್ತುಶಾಂತಿಗೆ ಹೋದವರು ಮೊದಲು ಬಾಗಿಲು ತಟ್ಟಿ ತಲೆ ಆಡಿಸಬೇಕು, ಹೋಳಿಗೆ ಆಮೇಲೆ. ನವನಗರ, ವಿದ್ಯಾನಗರಗಳ ಬಾಗಿಲುಗಳನ್ನೆಲ್ಲ ಕೂಡಿಸಿ ಲೆಕ್ಕ ಹಾಕಿದರೆ ಮ್ಯಾನ್ಮಾರ್ ಸರ್ಕಾರವೇ ಗಾಬರಿ ಆದೀತು. ಯಾಕಂದ್ರೆ ಅದು 2014ರಲ್ಲೇ ದಿಮ್ಮಿ ರಫ್ತು ನಿಲ್ಲಿಸಿದೆ. ಅದೂ ಏಪ್ರಿಲ್ 1ರಿಂದ. ದಿನ ಆರಿಸಿದವರು ಭಾರಿ ರಸಿಕರು.

ನಿಷೇಧ ದುಂಡು ದಿಮ್ಮಿಗೆ ಮಾತ್ರ. ಅದನ್ನೇ ಅಲ್ಲೇ ಕೊಯ್ದು ಚೌಕ ಮಾಡಿದರೆ ಹಡಗು ಹತ್ತಿಸಬಹುದು. ದುಂಡಗಿದ್ದಾಗ ಅದು ಕಾಡಿನ ನಾಶ, ಚೌಕಾದ ಮೇಲೆ ವ್ಯಾಪಾರ. ಕಾಡು ಉಳಿಸೋದಕ್ಕೆ ಗರಗಸವೇ ಬೇಕಾಯ್ತು ನೋಡಿ.

ಪಕ್ಕದ ಥಾಯ್ಲೆಂಡ್ ಇನ್ನೂ ಜಾಣ. 1988ರ ನವೆಂಬರಿನಲ್ಲಿ ಅಲ್ಲಿನ ದಕ್ಷಿಣ ಭಾಗದಲ್ಲಿ ಪ್ರವಾಹ ಬಂತು. ಬೋಳು ಗುಡ್ಡಗಳಿಂದ ಮಣ್ಣು, ಮರದ ದಿಮ್ಮಿ ಎಲ್ಲ ಹಳ್ಳಿಗಳ ಮೇಲೆ ಉರುಳಿತು. ನೂರಾರು ಜನ ಸತ್ತರು. 1989ರ ಜನವರಿಯಲ್ಲಿ ಸರ್ಕಾರ ನೈಸರ್ಗಿಕ ಕಾಡು ಕಡಿಯೋದನ್ನು ನಿಲ್ಲಿಸಿತು. ಒಳ್ಳೇದೇ ಆಯ್ತು. ಆದರೆ ಹೆಚ್ಚೂಕಡಿಮೆ ಅದೇ ಹೊತ್ತಿಗೆ ಥಾಯ್ ಕಂಪನಿಗಳಿಗೆ ಗಡಿಯಾಚೆ ಬರ್ಮಾದ ಕಾಡು ಕಡಿಯುವ ಗುತ್ತಿಗೆ ಸಿಕ್ಕಿತು. ತಮ್ಮ ಗುಡ್ಡದ ಮೇಲೆ ಕನಿಕರ ಬಂದವರು ಕೊಡಲಿಯನ್ನು ನೆರೆಮನೆಗೆ ಕಳಿಸಿದರು, ಅಷ್ಟೇ.

ಈಗ ಎರಡೂ ದೇಶಗಳ ರಫ್ತು ಹೋಲಿಸಿ ಅಂತ ಯಾರಾದರೂ ಅಂದರೆ ಹೋಲಿಸೋದು ಹೇಗೆ? ಕೊಯ್ದ ಮರದ ರಫ್ತಿನಲ್ಲಿ ಕಾಡು ಕಡಿಯದ ಥಾಯ್ಲೆಂಡೇ ಬಹಳ ಮುಂದೆ. ಅದರಲ್ಲಿ ಹೆಚ್ಚಿನದು ಹಾಲು ಬತ್ತಿದ ರಬ್ಬರ್ ಮರ, ಚೀನಾಕ್ಕೆ ಹೋಗುತ್ತದೆ. ಸಾಗವಾನಿಗೆ ಹೆಸರಾದ ಮ್ಯಾನ್ಮಾರ್ ಹಿಂದೆ. ಹಿಂದೆ ಅಂದರೆ ಯಾರ ಲೆಕ್ಕದ ಪುಸ್ತಕದಲ್ಲಿ? 2000ದಿಂದ 2013ರವರೆಗೆ ಅದು ಕಳಿಸಿದ್ದೇನೆ ಅಂತ ಬರೆದ ದಿಮ್ಮಿ, ಕೊಂಡ ದೇಶಗಳು ಬಂತು ಅಂತ ಬರೆದುಕೊಂಡದ್ದರ ಮೂರನೇ ಒಂದು ಪಾಲೂ ಇರಲಿಲ್ಲ. ದಾರಿಯಲ್ಲಿ ಮರ ಮರಿ ಹಾಕಿರಬೇಕು.

ನಮ್ಮ ಕಡೆಯ ಅಭಿವೃದ್ಧಿಗೆ ಇದೇ ಸರಿಯಾದ ದಾರಿ ಅಂತ ನನಗನಿಸುತ್ತದೆ. ಗದಗದವರು ಕಪ್ಪತಗುಡ್ಡ ಮುಟ್ಟಬೇಕಾಗಿಯೇ ಇಲ್ಲ. ಮೂರು ಲಾರಿ ಸಾಗವಾನಿ ಕಳಿಸಿದೆವು ಅಂತ ಬರೆಯಲಿ. ಹಾವೇರಿಯವರು ಹತ್ತು ಲಾರಿ ಬಂತು ಅಂತ ಬರೆಯಲಿ. ಏಳು ಲಾರಿ ಮರ ಸುಮ್ನೆ ಬೆಳೆದಂಗಾಯ್ತು ಅಲ್ವಾ? ಮಳೆ ಬೇಡ, ಮಹದಾಯಿ ನೀರಿಗೂ ಕಾಯಬೇಕಿಲ್ಲ.

ಈ ಯೋಜನೆ ಹೊತ್ತು ಒಂದು ಕಟ್ಟಿಗೆ ಅಡ್ಡೆಗೆ ಹೋದೆ. ಮಾಲೀಕರು ದಿಮ್ಮಿ ತೋರಿಸಿದರು.

'ಪಕ್ಕಾ ಬರ್ಮಾ ನೋಡ್ರಿ ಸರ.'

'ತುದಿಗೆ ಪನಾಮಾ ಅಂತ ಬರೆದಿದೆಯಲ್ಲ?'

'ಬೀಜ ಬರ್ಮಾದ್ದ ರೀ.'

'ಬರ್ಮಾ ದಿಮ್ಮಿ ಬರೋದು ಬಂದ್ ಆಗಿ ಎಷ್ಟೋ ವರ್ಷ ಆಯ್ತಂತೆ?'

'ಇದು ಹಳೇ ಸ್ಟಾಕ್ ರೀ.'

ಪನಾಮಾ ಬೀಜ ಹಳೇ ಸ್ಟಾಕ್ ಆದ ಬಗೆ ಕೇಳಲಿಲ್ಲ. ಅಷ್ಟು ದೂರ ಯಾಕೆ, ಅಳ್ನಾವರ ದಾಟಿದರೆ ದಾಂಡೇಲಿ ಕಡೆ ನಮ್ಮದೇ ಸಾಗವಾನಿ ಇದೆಯಲ್ಲ ಅಂದೆ.

'ಐತ್ರೀ. ಆದ್ರ ಅದಕ್ಕ ಅರಣ್ಯ ಇಲಾಖೆ ಪಾಸ್ ಬೇಕು, ದಿಮ್ಮಿ ಮ್ಯಾಲೆ ಇಲಾಖೆ ಹೊಡೆದ ಹ್ಯಾಮರ್ ಗುರುತು ಬೇಕು, ಬಿಲ್ ಬೇಕು. ಬರ್ಮಾಕ್ಕ ನಿಮ್ಮ ನಂಬಿಕಿ ಒಂದಿದ್ರ ಸಾಕ್ರೀ ಸರ.'